ಪಡುವಣ ಬದು

"ಮಾಸ್ತರು ಬೈಲಹೊಂಗಲದ ಬಸ್ಸು ಹತ್ಯಾರ. ವಕೀಲನ್ನ ಕರ್ಕೊಂಡ ಬರತಾರ, ನೋಡ್ರಿ," ಎಂದ ಪರಪ್ಪ.

ಅಷ್ಟು ಸಾಕಾಯಿತು. ತಡೆಯಾಜ್ಞೆ ಬರುವ ಮೊದಲೇ ಅಗೆದು ಮುಗಿಸಬೇಕೆಂದು ಮನೆಗೊಬ್ಬರಂತೆ ಗುದ್ದಲಿ ಹಿಡಿದು ಹೊರಟರು.

ಮೇಲಿನ ಹೊಲದವರು ಕಾಲುವೆ ನೀರನ್ನು ಮನಸ್ಸಿಗೆ ಬಂದಷ್ಟು ಹರಿಸಿಕೊಂಡು, ಅದೆಲ್ಲ ಬಸಿದು ಕೆಳಗಿನ ನಲವತ್ತು ಎಕರೆ ಜೌಳಾಗಿತ್ತು. ಎಲ್ಲಕ್ಕಿಂತ ಕೆಳಗಿದ್ದ ಸುಂದರವ್ವನ ಎರಡೆಕರೆಯಲ್ಲಿ ಈಗ ಬೆಳೆಯುವುದು ಜೊಂಡು ಮಾತ್ರ. ಇನ್ನೊಂದು ವರ್ಷ ಹೀಗೇ ಹೋದರೆ ಅವಳು ಹೊಲದ ಆಸೆಯನ್ನೇ ಬಿಡಬೇಕಿತ್ತು. ನಿಂತ ನೀರು ಹಳ್ಳಕ್ಕಿಳಿಯಲು ಇದ್ದದ್ದು ಒಂದೇ ದಾರಿ: ಪಕ್ಕದ ತ್ರ್ಯಂಬಕ ಮಾಸ್ತರರ ಹೊಲದ ಪಡುವಣ ಬದು. ಅದನ್ನು ಕಡಿದು ಬಸಿಗಾಲುವೆ ತೋಡಲು ಊರಿಗೆ ಊರೇ ಒಪ್ಪಿತ್ತು, ಮಾಸ್ತರರೊಬ್ಬರನ್ನು ಬಿಟ್ಟು.

"ಬೇಕಾದ್ರ ನನ್ನ ಹೊಲದ ನಟ್ಟನಡುವ ತೋಡ್ರಿ. ಬದು ಮಾತ್ರ ಮುಟ್ಟಬ್ಯಾಡ್ರಿ," ಎಂದಿದ್ದರು.

ನಡುವೆ ಇರುವುದು ದಿಬ್ಬ. ನೀರು ದಿಬ್ಬ ಹತ್ತುತ್ತದೆಯೇ? ಕಲಿತವರ ಜಾಣತನ ಎಂದು ಜನ ನಕ್ಕರು.

ಸುಂದರವ್ವ ಹೋಗಿ ಕಾಲು ಹಿಡಿದಳು. ಚೊಚ್ಚಲ ಹೆರಿಗೆಯಲ್ಲಿ ಅವಳನ್ನು ಸುರಿಯುವ ಮಳೆಯಲ್ಲೇ ಗಾಡಿ ಕಟ್ಟಿ ಮುರಗೋಡದ ದವಾಖಾನೆಗೆ ಒಯ್ದು, ಕೂಸು ದಕ್ಕದಿದ್ದರೂ ತಾಯಿಯ ಜೀವ ಉಳಿಸಿದ ಮನುಷ್ಯ, ಅಂದು ಮುಖ ತಿರುಗಿಸಿ ನಿಂತರು.

"ನಾಕು ದಿನ ತಡಿಯವ್ವ. ಒಬ್ಬರನ್ನ ಕೇಳಿ ಬರತೇನಿ."

ಈಗ ಅವಳಿಗೆ ತಿಳಿಯಿತು ಯಾರನ್ನು ಕೇಳಲು ಎಂದು. ಪರರ ಕಷ್ಟ ಅರಿತವರೇ ಹೀಗೆ ಮಾಡಿದರೆ ಇನ್ಯಾರನ್ನು ನಂಬಬೇಕು?

ಮೊದಲ ಏಟು ಅವಳದೇ ಆಗಲಿ ಎಂದರು ಜನ. ಸುಂದರವ್ವ ಸೆರಗು ಸಿಕ್ಕಿಸಿ ಅಗೆದಳು. ಮೊಣಕಾಲುದ್ದ ಇಳಿದಾಗ ಅಡ್ಡಡ್ಡ ಹಾಸಿದ ಕಲ್ಲುಗಳು ಸಿಕ್ಕವು. ಒಂದೊಂದನ್ನೇ ಕಿತ್ತು ಆಚೆ ಎಸೆದಳು. ಕೆಳಗಿನ ಮಣ್ಣು ಮೆತ್ತಗಿತ್ತು. ಅಲ್ಲಿಗೂ ಎರಡು ಏಟು ಹಾಕಿದಳು.

ಮಧ್ಯಾಹ್ನದ ಬಸ್ಸು ಬಂತು. ಮಾಸ್ತರು "ನಿಲ್ಲಸ್ರಿ! ನಿಲ್ಲಸ್ರಿ!" ಎಂದು ಕೂಗುತ್ತ ಬಂದರು. ಜೊತೆಗೆ ವಕೀಲನಿರಲಿಲ್ಲ. ಅವರ ತೋಳು ಹಿಡಿದು ಬಂದವಳು ಸುಂದರವ್ವನ ಅತ್ತೆ, ಬೈಲಹೊಂಗಲದ ಮಗಳ ಮನೆಯಲ್ಲಿದ್ದ ಮುದುಕಿ ಶಟ್ಟೆವ್ವ. ತೋಡಿದ ತಗ್ಗು, ಸೊಸೆಯ ಕೈಯ ಗುದ್ದಲಿ ಎರಡನ್ನೂ ನೋಡಿ ಅವಳು ಆ ಗುದ್ದಲಿಯನ್ನು ಹಿಡಿದುಕೊಂಡಳು.

"ಹೆತ್ತಾಕಿಗೆ ಜಾಗ ಹೇಳಬಾರದಂತ ಮಾಸ್ತರ ಕಡಿಂದ ಆಣಿ ಮಾಡಿಸಿಕೊಂಡಾಕಿ ನಾನವ್ವ... ನಿನ್ನ ಚೊಚ್ಚಲ ಕೂಸನ್ನ ಇಲ್ಲೇ ಮಣ್ಣು ಮಾಡೇವಿ."