ಬಾಗಿಲಲ್ಲಿ ಬಿಟ್ಟ ಜೋಡು

ಒಂದು ಶೂ ಕಾಲಲ್ಲಿತ್ತು, ಇನ್ನೊಂದು ಕೈಯಲ್ಲಿತ್ತು. ತನ್ನ ಮನೆಯ ಬಾಗಿಲಲ್ಲೇ ಕಳ್ಳನಂತೆ ನಿಂತು ಆತ ಒಳಗಿನ ಸದ್ದಿಗೆ ಕಿವಿಗೊಟ್ಟ. ಅಡುಗೆಮನೆಯಲ್ಲಿ ನಲ್ಲಿ ಹರಿಯುತ್ತಿತ್ತು. ಅಕ್ಕ ಇನ್ನೂ ಹೊರಗೆ ಬಂದಿರಲಿಲ್ಲ.

ಕೈಯಲ್ಲಿದ್ದ ಶೂ ಹೇಗಿಡುವುದು? ಕೇಳಿದವರು ನಕ್ಕಾರು. ಆದರೆ ಅಕ್ಕನ ಜೀವಮಾನದ ಗಳಿಕೆ ಆ ಸಂಜೆ ಆ ಒಂದು ಜೊತೆ ಶೂಗಳ ಮೇಲೆ ನಿಂತಿತ್ತು.

ಕೇಬಲ್ ಮೋಡೆಮ್ ತಯಾರಿಸುವ ಕಂಪನಿಯಲ್ಲಿ ಆತ ಪರೀಕ್ಷಕ. ಅವನ ತಲೆ ನೆರೆತದ್ದೇ ಅಲ್ಲಿ. ಮನೆಯೊಳಗೆ ಇಂಟರ್ನೆಟ್ ತರುವ ಪುಟ್ಟ ಪೆಟ್ಟಿಗೆ ಒಂದು ತುದಿ, ಕೇಬಲ್ ಕಚೇರಿಯ ದೊಡ್ಡ ಯಂತ್ರ ಇನ್ನೊಂದು ತುದಿ, ನಡುವೆ ತಂತಿ. ಸ್ಟ್ಯಾಂಡರ್ಡ್ ಎಂದರೇನು ಎಂದು ಹೊಸಬರು ಕೇಳಿದರೆ ಆತ ಒಂದೇ ಮಾತು ಹೇಳುತ್ತಿದ್ದ: "ಈ ಕಡೆಯವನು ಕಣ್ಣು ಹೊಡೆದ್ರೆ ಆ ಕಡೆಯವನಿಗೂ ಅದೇ ಅರ್ಥ ಆಗ್ಬೇಕು ಕಣಪ್ಪ. ಇಲ್ಲಾಂದ್ರೆ ಏಟು ಗ್ಯಾರಂಟಿ."

ಕೆಲವು ವರ್ಷಕ್ಕೊಮ್ಮೆ ಆ ಸ್ಟ್ಯಾಂಡರ್ಡ್ ಬದಲಾಗುತ್ತದೆ. ಆಗ ಒಂದಿಷ್ಟು ಕಂಪನಿಗಳು ಎದ್ದು ನಿಲ್ಲುತ್ತವೆ, ಒಂದಿಷ್ಟು ಹೇಳಹೆಸರಿಲ್ಲದಂತೆ ಹೋಗುತ್ತವೆ. ಈ ಸಲ ಹೋಗುವ ಮಾತು, ಬರುವ ಮಾತು ಎರಡೂ ಒಂದೇ ದಾರಿಯಲ್ಲಿ ಒಟ್ಟಿಗೇ ಹರಿಯಬೇಕು ಎಂದಾಗಿತ್ತು. ಅವನ ಕಂಪನಿ ಇದ್ದಬದ್ದದ್ದನ್ನೆಲ್ಲ ಅದಕ್ಕೇ ಸುರಿದಿತ್ತು. ಹಳೆಯ ಪೆಟ್ಟಿಗೆಗಳು ಗೋದಾಮಿನಲ್ಲಿ ಧೂಳು ಕುಡಿಯುತ್ತಿದ್ದವು; ಹೊಸದು ಬರಲಿ ಎಂದು ಕೊಳ್ಳುವವರು ಕೈಕಟ್ಟಿ ಕುಳಿತಿದ್ದರು. ಷೇರು ಹಿಡಿದವರೆಲ್ಲ ಕಾಯುತ್ತಿದ್ದದ್ದು ಒಂದೇ ಸುದ್ದಿಗೆ: ಹೊಸ ಪೆಟ್ಟಿಗೆ ಪಾಸೋ, ಫೇಲೋ?

ಹಾಗೆ ಕಾಯುತ್ತಿದ್ದವರಲ್ಲಿ ಅಕ್ಕನೂ ಒಬ್ಬಳು. ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತಳಾದಾಗ ಕೈಗೆ ಬಂದದ್ದನ್ನೆಲ್ಲ ತಮ್ಮನ ಕಂಪನಿಯ ಷೇರಿಗೇ ಹಾಕಿದ್ದಳು. "ನೀನು ಪರೀಕ್ಷೆ ಮಾಡಿದ್ದು ಕೆಡುತ್ತಾ ಪುಟ್ಟ?" ಎಂದಿದ್ದಳು. ಈಗ ಬಾಡಿಗೆ ಮನೆಯ ಮಾಲೀಕರು ಮನೆ ಮಾರಲು ಹೊರಟಿದ್ದರು. ಕೊಳ್ಳುವುದಾದರೆ ನೀವೇ ಕೊಳ್ಳಿ ಎಂದಿದ್ದರು. ಷೇರಿನ ದುಡ್ಡು ಉಳಿದರೆ ಈ ಸೂರು. ಇಲ್ಲವಾದರೆ ಇಳಿವಯಸ್ಸಿನಲ್ಲಿ ಗಂಟುಮೂಟೆ.

ಅಂದು ಮಧ್ಯಾಹ್ನ ಪೆಟ್ಟಿಗೆ ಫೇಲಾಗಿತ್ತು. ಹೊಸ ಭಾಷೆಯಲ್ಲಿ ಎರಡು ಮಾತಾಡಿ, ತೊದಲಿ, ಮತ್ತೆ ಹಳೆಯ ಭಾಷೆಗೇ ಜಾರುತ್ತಿತ್ತು. ಎಷ್ಟು ಸಲ ಮಾಡಿದರೂ ಅದೇ ರಾಗ. ಲ್ಯಾಬಿನ ಮುಖ್ಯಸ್ಥ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ನಾಡಿದ್ದು ಕಂಪನಿಯ ಪ್ರಕಟಣೆ ಹೊರಬೀಳುವ ತನಕ ಮನೆಯವರ ಮುಂದೂ ಬಾಯಿ ಬಿಡಕೂಡದೆಂದು ಎಲ್ಲರಿಂದ ಮಾತು ತೆಗೆದುಕೊಂಡ. ಆತನೂ ದೇವರನ್ನು ನೆನೆದು ಮಾತು ಕೊಟ್ಟ.

ಬಾಯಿ ಬಿಡಕೂಡದು, ಸರಿ. ಶೂ ಹೀಗೇ ಬಿಡಬೇಕೆಂದು ಯಾರೂ ಹೇಳಿರಲಿಲ್ಲ.

ಚಿಕ್ಕಂದಿನಲ್ಲಿ ಅವನ ಪರೀಕ್ಷೆಯ ಫಲಿತಾಂಶವನ್ನು ಅಕ್ಕ ಅವನ ಬಾಯಿಂದ ಕೇಳಿದವಳೇ ಅಲ್ಲ. ಬಾಗಿಲಲ್ಲಿ ಅವನು ಬಿಟ್ಟ ಚಪ್ಪಲಿ ನೋಡಿದರೆ ಸಾಕು, ತಿಳಿದುಬಿಡುತ್ತಿತ್ತು. ಗಣಿತದಲ್ಲಿ ಮುಗ್ಗರಿಸಿದ ವರ್ಷ ಅವನು ಸದ್ದಿಲ್ಲದೆ ಒಳಗೆ ಬಂದು ಮೂಲೆ ಸೇರುವಷ್ಟರಲ್ಲೇ, "ಹೋಗ್ಲಿ ಬಿಡು, ಕೈಕಾಲು ತೊಳ್ಕೊ" ಎಂದಿದ್ದಳು. ಆ ಕಣ್ಣಿಗೆ ಹೆದರಿಯೇ ಆತ, ಹೊಸ ಪೆಟ್ಟಿಗೆಯ ಪರೀಕ್ಷೆ ಶುರುವಾದಂದಿನಿಂದ, ಅಕ್ಕ ಏನನ್ನೂ ಓದಿಕೊಳ್ಳದಿರಲೆಂದು ದಿನವೂ ಶೂಗಳನ್ನು ಗೋಡೆಗೆ ಮುಖ ಮಾಡಿಸಿ ನೆಟ್ಟಗೆ ಜೋಡಿಸಿಡುತ್ತಿದ್ದ. ಅಕ್ಕ ಬಂದು ನೋಡುತ್ತಿದ್ದಳು, ಏನೂ ಕೇಳದೆ ಒಳಗೆ ಹೋಗುತ್ತಿದ್ದಳು. ಒಂದೇ ಸೂರಿನಡಿ ಹೀಗೆ ಬಾಯಿ ಹೊಲಿದುಕೊಂಡು ಬದುಕಿ ಇಬ್ಬರೂ ಹಣ್ಣಾಗಿದ್ದರು.

ಆತ ದೇವರ ಮೇಲೆ ಭಾರ ಹಾಕಿದ. ಕೈಯಲ್ಲಿದ್ದ ಶೂ ಹೊಸ್ತಿಲ ಬಳಿ ಬೋರಲು ಬಿತ್ತು. ಕಾಲಲ್ಲಿದ್ದದ್ದನ್ನು ಒದ್ದ, ಅದು ಮೆಟ್ಟಿಲ ತನಕ ಉರುಳಿತು. ಈ ಅಡ್ಡಾದಿಡ್ಡಿ ನೋಡಿದರೆ ಎಂಥವರಿಗೂ ಹೊಳೆಯಬೇಕು, ಎಲ್ಲ ಮಗುಚಿಬಿದ್ದಿದೆ ಎಂದು.

ಕೈ ಒರೆಸಿಕೊಳ್ಳುತ್ತ ಅಕ್ಕ ಬಂದಳು. ಶೂ ನೋಡಿದಳು. ಬಹಳ ಹೊತ್ತು ನೋಡಿದಳು. ಆತ ಮುಖ ತೋರಿಸದೆ ಬಚ್ಚಲಿಗೆ ನಡೆದಿದ್ದ.

"ಪುಟ್ಟ," ಎಂದಳು ಬೆನ್ನ ಹಿಂದಿನಿಂದ, "ನಾನೇನೂ ಕೇಳಲ್ಲ. ನೀನೂ ಹೇಳ್ಬೇಡ. ಅರ್ಥ ಆಯ್ತು."

ಅವಳ ದನಿ ಒದ್ದೆಯಾಗಿತ್ತು. ಆತ ಬಚ್ಚಲ ಬಾಗಿಲು ಹಾಕಿಕೊಂಡ.

ಬೆಳಿಗ್ಗೆ ಅವಳು ಷೇರು ದಲ್ಲಾಳಿಗೆ ಫೋನು ಮಾಡುತ್ತಿದ್ದದ್ದು ಕೋಣೆಯಾಚೆಯಿಂದ ಕೇಳಿಸಿತು: "ತಡ ಮಾಡ್ಬೇಡಪ್ಪ. ಇವತ್ತೇ ಆ ಕೆಲಸ ಆಗ್ಬೇಕು." ಎಷ್ಟೋ ದಿನಗಳ ಮೇಲೆ ಆತ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ತಿಂದ.

ಮರುದಿನ ಪ್ರಕಟಣೆ ಹೊರಬಿತ್ತು. ಷೇರು ನೆಲಕಚ್ಚಿತು. ಲ್ಯಾಬಿನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಾಳೆಯಿಂದ ಬರಬೇಕಾಗಿಲ್ಲ ಎಂದು ಮುಖ್ಯಸ್ಥ ತಲೆ ತಗ್ಗಿಸಿಯೇ ಹೇಳಿದ. ಆತ ಮನೆಗೆ ನಡೆದುಕೊಂಡೇ ಬಂದ. ಮೈಯೆಲ್ಲ ಸೋತಿತ್ತು, ಎದೆ ಮಾತ್ರ ಹಗುರವಾಗಿತ್ತು. ಶೂ ಕಳಚಿ ಗೋಡೆಗೆ ಜೋಡಿಸಿಟ್ಟ.

ಅಕ್ಕ ನಡುಮನೆಯಲ್ಲಿ ಕುಳಿತಿದ್ದಳು. ಟಿವಿ ಸುದ್ದಿ ಹೇಳುತ್ತಿತ್ತು.

"ಪೂರ್ತಿ ಮಾರಿದೆ ತಾನೇ ಅಕ್ಕ? ಒಂದೂ ಉಳಿಸ್ಕೊಂಡಿಲ್ವಲ್ಲ?"

"ಮಾರೋದಾ?" ಅಕ್ಕ ಅವನ ಕಡೆ ತಿರುಗಿದಳು. "ದಿನಾ ನೀನು ಜೋಡಿಸಿಟ್ಟಿದ್ದ ಶೂ ನೋಡಿ ನೋಡಿ, ಈ ವಾರ ಎಲ್ಲಾ ಮಾರ್ಬಿಡು ಅಂತ ದಲ್ಲಾಳಿಗೆ ಹೇಳಾಗಿತ್ತು ಕಣೋ. ಮೊನ್ನೆ ಸಂಜೆ ನೋಡಿದ್ಮೇಲೇ, ನಿನ್ನೆ ಫೋನ್ ಮಾಡಿ, ಮಾರೋದು ಬೇಡ, ಇವತ್ತೇ ನಿಲ್ಸು ಅಂದಿದ್ದು."

ಆತ ಬಾಗಿಲ ಕಡೆ ತಿರುಗಿ ನೋಡಿದ. "ಮೊನ್ನೆ ಅಷ್ಟು ಅಡ್ಡಾದಿಡ್ಡಿ ಬಿಟ್ಟಿದ್ನಲ್ಲಕ್ಕ..."

"ಹೂಂ ಮತ್ತೆ," ಎಂದಳು ಅಕ್ಕ. "ಪಾಸಾದ ದಿನ ಬಿಟ್ಟು ಇನ್ಯಾವತ್ತು ನೀನು ಚಪ್ಪಲಿ ಒದ್ದು ಒಳಗೆ ಓಡಿ ಬಂದಿದ್ದೆ?"