ಕೆಂಪು ದಾರದ ಗಂಟು

ಕಂಬಳಿಗಳನ್ನು ಊರಿನ ನೇಕಾರರಿಂದಲೇ ಕೊಳ್ಳಬೇಕೆಂದು ದಿಲ್ಲಿಯಿಂದ ಆದೇಶ ಬಂದಿದ್ದರಿಂದ, ಕೇಂದ್ರ ಸರ್ಕಾರದ ತರಬೇತಿ ಶಾಲೆಯ ಸಾಹೇಬರು ಬೀರವ್ವನನ್ನು ಕರೆಸಿದ್ದರು. ತಿಂಗಳು ಕೂತು ನೇಯ್ದ ಕಂಬಳಿಯನ್ನು ಅವಳು ಮೇಜಿನ ಮೇಲಿಟ್ಟಳು. ಅವರು ಸತ್ತ ಇಲಿಯನ್ನು ಎತ್ತುವಂತೆ ಪೆನ್ನಿನ ತುದಿಯಿಂದ ಅದರ ಅಂಚನ್ನೆತ್ತಿ ಮೂಗು ಮುರಿದರು.

“ಇದು ಲೋಕಲ್ ಮಾಲು ಕಣಮ್ಮ. ಆದೇಶ ಬಂತು ಅಂತ ಸಿಕ್ಕಿದ್ದನ್ನೆಲ್ಲ ತಗೊಳ್ಳೋಕಾಗುತ್ತಾ? ಕ್ವಾಲಿಟಿ ಅಂದ್ರೆ ಏನು ಅಂತ ಇಲ್ನೋಡು.”

ದಿಲ್ಲಿಯ ಕಂಪನಿಯೊಂದು ವರ್ಷವರ್ಷವೂ ಕಳಿಸುತ್ತಿದ್ದ ಕಂಬಳಿಯನ್ನು ಕಪಾಟಿನಿಂದ ತೆಗೆದು ಹರಡಿದರು. ಮೂಲೆಯಲ್ಲೊಂದು ಕೆಂಪು ದಾರದ ಗಂಟಿತ್ತು.

“ಈ ಗಂಟು ನೋಡಿದ್ಯಾ? ಸಾವಿರ ಕಂಬಳಿ ಬಂದ್ರೂ ಒಂದರಲ್ಲೂ ತಪ್ಪಿರಲ್ಲ. ಅದೇ ಅಸಲಿ ಮಾಲಿನ ಗುರುತು. ಇಂಥದ್ದು ನೇಯೋಕೆ ಬರುತ್ತಾ ನಿಮಗೆ?”

ಬೀರವ್ವ ಆ ಗಂಟನ್ನು ಬೆರಳಲ್ಲಿ ಹೊರಳಿಸಿ ನೋಡಿದಳು. ಆಮೇಲೆ ತನ್ನ ಕಂಬಳಿಯನ್ನು ಮಡಿಚಿ ಹೆಗಲಿಗೇರಿಸಿಕೊಂಡಳು.

“ಈ ಗಂಟಿನ ಕಂಬಳೀನೂ ನಾವ ನೇದದ್ರಿ ಸಾಹೇಬ್ರ. ಸತ್ತ ಕುರಿ ಉಣ್ಣೀದು. ನಮ್ಮೂರಾಗ ಇದನ್ನ ಯಾರೂ ಹೊದಿಯಂಗಿಲ್ಲ. ಗೊತ್ತಾಗ್ಲಿ ಅಂತ ಕೆಂಪು ದಾರ ಕಟ್ಟಿ, ಆ ದಿಲ್ಲಿ ಕಂಪನಿ ಸೇಟೂಗ ದಾಟಸ್ತೀವ್ರಿ.”