ಹದಿನೇಳನೇ ಪುಟದ ಕ್ಯೂ

"ನಾಯಿ ಇರಲಿ ಸಾರ್, ಬಹಳ ಮುದ್ದಾಗಿದೆ," ಎಂದು ಹೊಸ ಸೆನ್ಸಾರ್ ಅಧಿಕಾರಿ ಕೆಂಪು ಪೆನ್ಸಿಲ್ಲನ್ನು ಮೇಜಿನ ಮೇಲಿಟ್ಟುಬಿಟ್ಟ. ಚಿತ್ರಗಾರ ವಿತೋಲ್ಡ್ ಗಡಬಡಿಸಿ ಪೆನ್ಸಿಲ್ಲನ್ನು ಮತ್ತೆ ಅವನ ಮುಂದಕ್ಕೇ ತಳ್ಳಿದ.

ಚಿತ್ರದಲ್ಲಿ ಆ ನಾಯಿ ಇದ್ದದ್ದೇ ಕೆಂಪು ಪೆನ್ಸಿಲ್ಲಿನಿಂದ ಹೊಡೆಸಿಕೊಳ್ಳುವುದಕ್ಕೆ. ವಾರ್ಸಾದ ಮಕ್ಕಳು ಮುದುಕರೆಲ್ಲ ಮುಗಿಬಿದ್ದು ಓದುವ ಅವನ ಪ್ಲಂಬರ್ ಕೊಕ್ಕರೆಯ ಚಿತ್ರಕಥೆಗಳು ಇದುವರೆಗೆ ಹನ್ನೊಂದು ಬಂದಿದ್ದವು. ಹನ್ನೊಂದಕ್ಕೂ ಅವನು ಯಾವುದಾದರೂ ಸರ್ಕಾರಿ ಕಂಬಕ್ಕೆ ಕಾಲೆತ್ತಿದ ಒಂದು ಬಿಳಿ ನಾಯಿಯನ್ನು ಬರೆದು ಕಳಿಸಿದ್ದ. ಹಳೆಯ ಅಧಿಕಾರಿ ಹಲೀನಾ ಮೇಡಂ "ಥೂ, ಅಸಹ್ಯ!" ಎಂದು ನಾಯಿಯನ್ನು ಹೊಡೆದುಹಾಕಿ, ಇವತ್ತಿನ ಕೆಲಸ ಆಯಿತೆಂಬ ಸಮಾಧಾನದಲ್ಲಿ ಉಳಿದದ್ದಕ್ಕೆಲ್ಲ ಮೊಹರು ಒತ್ತುತ್ತಿದ್ದರು. ಅವರು ನಿವೃತ್ತರಾಗಿ, ಆ ಕುರ್ಚಿಗೆ ಈಗ ಇಪ್ಪತ್ತೆಂಟರ ಬೋಗುಮಿಲ್ ಬಂದಿದ್ದ.

ಈ ಸಲ ನಾಯಿ ಕಾಪಾಡಬೇಕಾಗಿದ್ದುದು ಹದಿನೇಳನೇ ಪುಟವನ್ನು. ಅದರಲ್ಲಿ ಕೋಳಿ ಬಾತುಕೋಳಿಗಳೆಲ್ಲ ಕಾಳಿನಂಗಡಿಯ ಮುಂದೆ ಕ್ಯೂ ನಿಂತಿದ್ದವು. ಅಂಗಡಿಯೊಳಗೆ ನೋಡಿದರೆ ವಿನೆಗರ್ ಬಾಟಲಿ ಬಿಟ್ಟು ಬೇರೇನೂ ಇಲ್ಲ. ಆ ಕ್ಯೂನಲ್ಲಿ ಬಲೆಯ ಚೀಲ ಹಿಡಿದು ನಿಂತ ದುಂಡಗಿನ ಹೇಂಟೆಯೇ ವಿತೋಲ್ಡನ ಹೆಂಡತಿ ಲೆಯೊಕಾದಿಯಾ. ಗಂಡ ಮನೆಯಲ್ಲಿ ಕೂತು ಬರೆಯಲಿ ಎಂದು ಇಷ್ಟು ವರ್ಷ ಊರಿನ ಎಲ್ಲ ಕ್ಯೂಗಳಲ್ಲೂ ನಿಂತವಳು ಅವಳೇ. ನಾಳಿದ್ದು ಅವಳ ಹೆಸರಿನ ಹಬ್ಬ, ಅಂದರೆ ಅದೇ ಹೆಸರಿನ ಸಂತಳ ದಿನ. ಹುಟ್ಟುಹಬ್ಬ ಮರೆತರೆ ಹೇಗೋ ನಡೆದೀತು, ಹೆಸರಿನ ಹಬ್ಬ ಮರೆತ ಗಂಡನ ಗತಿ ಯಾರಿಗೂ ಬೇಡ. "ಈ ಸಲ ನಿನ್ನನ್ನೇ ಪುಸ್ತಕಕ್ಕೆ ಹಾಕಿದೀನಿ ಕಣೇ, ಮೊಹರು ಬಿದ್ದ ಪುಟ ತಂದು ಕೈಗಿಡ್ತೀನಿ" ಎಂದು ಅವನು ಜಂಬ ಕೊಚ್ಚಿಕೊಂಡಿದ್ದ.

"ಇಲ್ಲ ಇಲ್ಲ, ನಾಯಿನ ತೆಗೀರಿ," ಎಂದು ವಿತೋಲ್ಡ್ ಒತ್ತಾಯಿಸಿದ. "ಕಾಲೆತ್ತಿದೆ ನೋಡಿ, ಅದೂ ಸರ್ಕಾರಿ ಕಂಬಕ್ಕೆ!"

"ಎತ್ತಲಿ ಬಿಡಿ ಸಾರ್, ಪಾಪ, ಅದಕ್ಕೆಷ್ಟು ಅರ್ಜೆಂಟೋ! ಏಳು ವರ್ಷದವನಿದ್ದಾಗಿಂದ ನಿಮ್ಮ ಪುಸ್ತಕ ಓದ್ತಿದೀನಿ, ಒಂದರಲ್ಲೂ ಈ ನಾಯಿ ನೋಡಿಲ್ಲ. ಇಷ್ಟು ವರ್ಷ ಯಾಕೆ ಬಚ್ಚಿಟ್ಟಿದ್ರಿ?"

ಅಭಿಮಾನಿ! ಹಲೀನಾ ಮೇಡಂ ಎಂದೂ ನಾಯಿಯಿಂದಾಚೆ ನೋಡಿದವರಲ್ಲ. ಇವನೋ, ಒಂದೊಂದು ಚಿತ್ರದ ಮೂಲೆಮೂಲೆಯನ್ನೂ ಚಪ್ಪರಿಸುತ್ತ, ತನ್ನಷ್ಟಕ್ಕೆ ನಗುತ್ತ ಪುಟ ಮಗುಚಿದ. ಹದಿನೇಳಕ್ಕೆ ಬಂದವನೇ ನಗು ನಿಲ್ಲಿಸಿದ.

"ಸಾರ್, ಇದನ್ನ ಹೀಗೆ ಬಿಡೋಕಾಗಲ್ಲ."

"ನಾಯಿ ಜೊತೆಗೊಂದು ಬೆಕ್ಕನ್ನೂ ಬರೆದುಕೊಡ್ತೀನಿ, ಎರಡನ್ನೂ ಹೊಡೆದುಹಾಕಿ ಮಾರಾಯ್ರೆ. ಈ ಪುಟ ಒಂದು ಬಿಟ್ಬಿಡಿ. ಇದರಲ್ಲಿ ನನ್ನ ಹೆಂಡ್ತಿ ಇದಾಳೆ." ವಿತೋಲ್ಡ್ ಪುಟದ ಮೇಲೆ ಅಂಗೈ ಇಟ್ಟ.

"ಅಯ್ಯೋ, ನಾನೆಲ್ಲಿ ಹೊಡೆದುಹಾಕ್ತೀನಿ ಅಂದೆ? ನಮ್ಮ ದೇಶದಲ್ಲಿ ಕ್ಯೂ ಅನ್ನೋದೇ ಇಲ್ಲ ಅಂತ ನಿಯಮ ಇದೆ, ಒಪ್ಪಿದೆ. ಆದ್ರೆ ನಿಯಮದಲ್ಲಿ ಕೋಳಿಗಳ ಮಾತು ಎಲ್ಲೂ ಬಂದಿಲ್ಲ. ನನ್ನ ತಕರಾರು ಅದಲ್ಲ. ಇದೊಂದು ಕ್ಯೂನಾ ಸಾರ್? ಸ್ಕೂಲ್ ಡ್ರಿಲ್ ಇದ್ದಂಗಿದೆ! ಪಟ್ಟಿ ಹಿಡ್ಕೊಂಡು ಹೆಸರು ಕೂಗೋ ಹೆಂಗಸೆಲ್ಲಿ? ಮಡಚೋ ಸ್ಟೂಲ್ ತಂದಿರೋ ಅಜ್ಜಿ ಎಲ್ಲಿ? ಎಲ್ಲರೂ ಮುಂಬಾಗಿಲು ನೋಡ್ತಾ ನಿಂತಿದಾರಲ್ಲ, ಯಾರು ನೋಡ್ತಾರೆ ಅದನ್ನ? ಮಾಲಿನ ಲಾರಿ ಬರೋದು ಹಿಂದಿನ ಗಲ್ಲಿಗೆ. ನಮ್ಮಮ್ಮ ಇದನ್ನ ನೋಡಿದ್ರೆ ಬಿದ್ದು ಬಿದ್ದು ನಗ್ತಾಳೆ. ನೀವು ಯಾವತ್ತಾದ್ರೂ ಕ್ಯೂ ನಿಂತಿದೀರಾ?"

ವಿತೋಲ್ಡನ ಕಿವಿ ಕೆಂಪಾಯಿತು. "ನಮ್ಮನೇಲಿ... ಅವಳೇ ನಿಲ್ತಾಳೆ."

"ಹಂಗನ್ನಿ ಮತ್ತೆ. ಹೋಗಿ ಸರಿಯಾಗಿ ನೋಡ್ಕೊಂಡು ಬರೆದು ತನ್ನಿ. ನಾಳೆ ಬೆಳಿಗ್ಗೆ ಮೊಹರು ಒತ್ತೋದು ನನ್ನ ಜವಾಬ್ದಾರಿ. ನಾಯಿನ ಮಾತ್ರ ಮುಟ್ಟಬೇಡಿ, ನನ್ನಾಣೆ!"

ವಿತೋಲ್ಡ್ ಕ್ಯೂ ನೋಡಲು ಸೀದಾ ಮಾಂಸದಂಗಡಿಗೆ ನಡೆದ. ಹಿಮ ಬೀಳುತ್ತಿತ್ತು. ಕ್ಯೂನ ನಡುವೆ ಲೆಯೊಕಾದಿಯಾ ನಿಂತಿದ್ದಳು. ಗಂಡನನ್ನು ಕಂಡು ಗಾಬರಿಯಾದಳು.

"ಇದೇನ್ರೀ ಇಲ್ಲಿ? ಜ್ವರ ಗಿರ ಬಂತಾ?"

ಅವನು ಅವಳ ಪಕ್ಕ ನಿಂತು ಕಾಗದ ಪೆನ್ಸಿಲ್ ತೆಗೆದದ್ದೇ ತಡ, ನೋಟ್‌ಬುಕ್ಕು ಹಿಡಿದ ಒಬ್ಬ ಹೆಂಗಸು ಮೈಮೇಲೇ ಬಂದಳು. "ಏನ್ರೀ, ನಡುವೆ ನುಗ್ತೀರಲ್ಲ, ನಾಚಿಕೆ ಆಗಲ್ವಾ? ಯಾರ್ರೀ ನೀವು?"

"ನಾನು... ಪ್ಲಂಬರ್ ಕೊಕ್ಕರೆ ಬರೆಯೋನು."

"ಅಯ್ಯಯ್ಯೋ, ನೀವಾ!" ಅವಳ ಮುಖ ಇಷ್ಟಗಲ ಅರಳಿತು. "ನಮ್ಮ ಮಕ್ಕಳಿಗೆ ನೀವಂದ್ರೆ ಪ್ರಾಣ! ಊಟ ಬಿಟ್ಟು ಓದ್ತಾರೆ ನಿಮ್ಮ ಪುಸ್ತಕ!" ಎರಡೂ ಕೈಯಿಂದ ಅವನ ಕೈ ಹಿಡಿದು ಚೆನ್ನಾಗಿ ಕುಲುಕಿ, ನೋಟ್‌ಬುಕ್ಕಿನಲ್ಲಿ ಅವನ ಹೆಸರು ಬರೆದುಕೊಂಡಳು. "ನೂರಾ ಹದಿನಾರು. ಕೊನೆಗೆ ಹೋಗಿ ನಿಂತ್ಕೊಳ್ಳಿ."

ಕ್ಯೂಗೆ ಕ್ಯೂವೇ ನಕ್ಕಿತು. ವಿತೋಲ್ಡನೂ ನಕ್ಕ. ಹೊರಡುವ ಮೊದಲು ಒಮ್ಮೆ ಹೆಂಡತಿಯನ್ನು ಬರೆಯುವವನ ಕಣ್ಣಿನಿಂದ ನೋಡಿದ. ಅವನು ಬರೆದ ಹೇಂಟೆ ಎರಡೂ ಕಾಲ ಮೇಲೆ ನೆಟ್ಟಗೆ ನಿಂತಿತ್ತು. ಇವಳು ಮೈಭಾರವನ್ನೆಲ್ಲ ಎಡಗಾಲಿಗೆ ಕೊಟ್ಟು, ಬಲಗಾಲನ್ನು ಎಡಗಾಲಿನ ಬೂಟಿನ ಮೇಲೆ ಮೆಲ್ಲಗೆ ಇಟ್ಟುಕೊಂಡಿದ್ದಳು. ಅವನಿಗೆ ತುಂಬ ನಾಚಿಕೆಯಾಯಿತು.

"ಕಾಲು ನೋಯ್ತಿದೆಯೇನೇ?"

"ಹೂಂ."

"ಯಾವಾಗಿಂದ?"

ಲೆಯೊಕಾದಿಯಾ ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು.

"ನಿಮ್ಮ ಮೊದಲನೇ ಪುಸ್ತಕದಿಂದ."